ಸ್ಟೆನ್ ಜಾಮ್ ಆಗೋದು ಯಾಕೆ? ಮಹಾಯುದ್ಧದ ಸಬ್‌ಮಷಿನ್ ಗನ್‌ಗಳನ್ನು ಬಿಚ್ಚಿ ಬಲ್ಲವರು ಹೇಳಿ

ಟೆಕ್ಸಾಸ್ ತಮ್ಮಯ್ಯ:
ರೇಂಜ್‌ನಲ್ಲಿರುವ ಸ್ಟೆನ್ ಮಾರ್ಕ್ 2 (ಎರಡನೇ ಮಹಾಯುದ್ಧದ ಬ್ರಿಟಿಷ್ ಸಬ್‌ಮಷಿನ್ ಗನ್) ಬಗ್ಗೆ ಪ್ರಶ್ನೆ. ಅಮೆರಿಕದ ಕಾನೂನು ಕೇಳುವಂತೆ 1986ಕ್ಕೆ ಮುಂಚೆ ನೋಂದಣಿ ಆಗಿರುವ ಬಂದೂಕು, ಕಾಗದಪತ್ರ ಸರಿ ಇದೆ, ಆ ವಿಷಯಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ. ಜೊತೆಗೆ ಆರು ಮ್ಯಾಗಜೀನ್. ಒಂದೊಂದರಲ್ಲೂ 32 ಗುಂಡು ತುಂಬಿದರೆ ಮೊದಲ ಎರಡು ಮೂರು ಸುತ್ತಿನಲ್ಲೇ ಗುಂಡಿನ ಮೂತಿ ಚೇಂಬರ್ (ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಬಾಯಿಯ ಅಂಚಿಗೆ ಬಡಿದು ನಿಲ್ಲುತ್ತದೆ. 28 ತುಂಬಿದರೆ ಕಾಟ ಕಡಿಮೆ, ಆದರೂ ಪೂರ್ತಿ ಹೋಗುವುದಿಲ್ಲ. ಗುಂಡು 9 ಮಿ.ಮೀ., 115 ಗ್ರೇನ್ ತೂಕ, ದುಂಡು ಮೂತಿಯದು. ಪಕ್ಕದಲ್ಲೇ ಇರುವ ಅಮೆರಿಕದ ಥಾಂಪ್ಸನ್ ಎಂ1ಎ1 ಮಾತ್ರ ಚಕಾರ ಎತ್ತದೆ ಹಾರಿಸುತ್ತದೆ. ದೋಷ ಮ್ಯಾಗಜೀನ್‌ನದೋ ಬಂದೂಕಿನದೋ? ಹೇಗೆ ಪತ್ತೆ ಮಾಡುವುದು?

ಬೆಳಗಾವಿ ಆರ್ಮರರ್:
ತಮ್ಮಾ, ಬಂದೂಕಕ್ಕ ಕೈ ಹಚ್ಚೂಕಿಂತ ಮೊದಲ ಮ್ಯಾಗಜೀನ್ ನೋಡು. ಸ್ಟೆನ್ ಅಂದ್ರ ಅದರ ಮ್ಯಾಗಜೀನ್ ಅಂತನ ತಿಳಕೋ, ಉಳಿದದ್ದು ಒಂದು ಕೊಳವಿ, ಒಂದು ಬೋಲ್ಟ್ (ಗುಂಡು ಮುಂದ ತಳ್ಳಿ ಹಾರಸೂ ಉಕ್ಕಿನ ತುಂಡು), ಒಂದು ಸ್ಪ್ರಿಂಗ್. ಹಿಂಗ ಮಾಡು:

ಆರೂ ಮ್ಯಾಗಜೀನ್‌ಗೆ ಪೇಂಟ್‌ನಿಂದ ನಂಬರ್ ಹಾಕು. ಒಂದೊಂದರಾಗೂ 28 ತುಂಬು, 32 ಬ್ಯಾಡ. ಸೆಲೆಕ್ಟರ್ ಗುಂಡಿ ‘ಆರ್’ ಕಡೆ ಒತ್ತಿ ಒಂದೊಂದ ಹಾರಿಸು. ಎಲ್ಲಿ ನಿಂತಿತು, ಯಾವ ನಂಬರಿನ ಮ್ಯಾಗಜೀನು, ಎಷ್ಟನೇ ಗುಂಡು, ಬರಕೊಂತ ಹೋಗು. ಕಾಟ ಎರಡು ಮೂರು ನಂಬರಿಗಷ್ಟ ಅಂಟಿಕೊಂಡಿದ್ರ ಅವು ಮ್ಯಾಗಜೀನ್‌ದ್ದು. ಆರೂ ನಂಬರಿನ್ಯಾಗ ಒಂದ ಥರ ನಿಂತ್ರ ಆಗ ಬಂದೂಕ ಬಿಚ್ಚು.

ಇನ್ನೊಂದು. ಎಡಗೈ ಎಲ್ಲಿ ಇಡ್ತಿ? ಮ್ಯಾಗಜೀನ್ ಹಿಡಕೊಂಡು ಹಾರಿಸ್ತಿದ್ರ ಮೊದಲ ಅದನ್ನ ಬಿಡು. ಸಿನಿಮಾದಾಗ ಎಲ್ಲಾರೂ ಹಂಗ ಹಿಡಿತಾರ, ಅದು ತಪ್ಪು ಹಿಡಿತ.

ಟೆಕ್ಸಾಸ್ ತಮ್ಮಯ್ಯ:
ಹೌದು ಸರ್, ಇಲ್ಲಿ ಬರುವವರಲ್ಲಿ ಬಹುತೇಕ ಎಲ್ಲರೂ ಮ್ಯಾಗಜೀನನ್ನೇ ಹಿಡಿಯುತ್ತಾರೆ. ಬೇರೆ ಎಲ್ಲಿ ಹಿಡಿಯಬೇಕು? ಮಾರ್ಕ್ 2ರಲ್ಲಿ ಮುಂಗೈ ಹಿಡಿ ಅಂತ ಏನೂ ಇಲ್ಲವಲ್ಲ.

ಬೆಳಗಾವಿ ಆರ್ಮರರ್:
ನಳಿಕೆ ಸುತ್ತ ತೂತು ತೂತಿನ ತೋಳು ಐತಲ್ಲ, ಬ್ಯಾರೆಲ್ ನಟ್, ಅದನ್ನ ಹಿಡಿ. ಮ್ಯಾಗಜೀನು ನಿನ್ನ ಎಡ ಮುಂಗೈ ಮ್ಯಾಲ ಹಗೂರಕ ಕುಂತಿರಬೇಕು, ಅಷ್ಟ. ನಾಕೈದು ಮ್ಯಾಗಜೀನ್ ಒಂದರ ಹಿಂದ ಒಂದು ಖಾಲಿ ಮಾಡಿದ್ರ ಆ ತೋಳು ಸುಡತೈತಿ, ಕೈಗವಸು ಇರ್ಲಿ. ಕಿರುಬೆರಳು ಬಲಗಡೆ ಖಾಲಿ ಕೇಸ್ ಹಾರೋ ಕಿಂಡಿ ಕಡೆ ಹೋಗದಂಗ ನೋಡಿಕೋ. ಬೋಲ್ಟ್ ಮುಂದ ಬಂದಾಗ ಅಲ್ಲಿ ಬೆರಳಿದ್ರ ಉಳಿಯೂದಿಲ್ಲ. ಮಾರ್ಕ್ 3ದಾಗ ಇದಕ್ಕಂತನ ಕಿಂಡಿ ಮುಂದ ಒಂದು ಸಣ್ಣ ತಗಡಿನ ತಡಿ ಬೆಸುಗೆ ಹಾಕ್ಯಾರ.

ಲೇತ್ ಲಿಂಗಣ್ಣ:
32ಕ್ಕೂ 28ಕ್ಕೂ ಯಾಕೆ ಇಷ್ಟು ವ್ಯತ್ಯಾಸ ಅನ್ನುವುದನ್ನು ನಾನು ಹೇಳ್ತೀನಿ, ಇದು ಶುದ್ಧ ರೇಖಾಗಣಿತ.

ಸ್ಟೆನ್ ಮ್ಯಾಗಜೀನ್ ಒಳಗೆ ಗುಂಡುಗಳು ಎರಡು ಸಾಲಲ್ಲಿ ಕೂತಿರುತ್ತವೆ, ಆದರೆ ಹೊರಬರುವುದು ಒಂದೇ ಸಾಲಲ್ಲಿ. ಮೇಲಿನ ಭಾಗದಲ್ಲಿ ಡಬ್ಬಿ ಕಿರಿದಾಗುತ್ತಾ ಹೋಗಿ ಎರಡು ಸಾಲನ್ನೂ ಒತ್ತಿ ಒಂದು ಮಾಡುತ್ತದೆ. ಆ ಕಿರಿದಾಗುವ ಜಾಗದಲ್ಲಿ ಎಡ ಬಲದ ಎರಡು ಗುಂಡು ಒಂದಕ್ಕೊಂದು ಬೆಣೆಯಂತೆ ಸಿಕ್ಕಿಕೊಳ್ಳಲು ನೋಡುತ್ತವೆ. ಸ್ವಲ್ಪ ಮರಳು, ಗಟ್ಟಿಯಾದ ಹಳೇ ಗ್ರೀಸ್, ಒಂದು ಸಣ್ಣ ನೆಗ್ಗು ಸಾಕು, ಅಲ್ಲೇ ನಿಂತವು. 32 ತುಂಬಿದಾಗ ಸ್ಪ್ರಿಂಗ್ ಪೂರ್ತಿ ಅದುಮಿಕೊಂಡು ಮೇಲಿನ ಗುಂಡನ್ನು ಮ್ಯಾಗಜೀನ್ ಬಾಯಿಯ ಎರಡು ಬಾಗಿದ ಅಂಚುಗಳಿಗೆ, ಅಂದರೆ ತುಟಿಗಳಿಗೆ, ಜೋರಾಗಿ ಒತ್ತುತ್ತದೆ. ಬೋಲ್ಟ್ ಆ ಗುಂಡನ್ನು ಎಳೆದುಕೊಂಡು ಮುಂದೆ ಹೋಗುವಾಗ ಆ ಉಜ್ಜಾಟಕ್ಕೇ ಅದರ ಅರ್ಧ ಜೋರು ಹೋಗುತ್ತದೆ. ಹಾಗಾಗಿಯೇ ಯುದ್ಧಕಾಲದಲ್ಲೂ ಸೈನಿಕರು 28, ಹೆಚ್ಚೆಂದರೆ 30 ತುಂಬುತ್ತಿದ್ದರು. ಮೊದಲ ಎರಡು ಮೂರು ಸುತ್ತಿನಲ್ಲೇ ನಿಲ್ಲುತ್ತದೆ ಅಂತೀರಲ್ಲ, ಅದು ಇದೇ.

ಥಾಂಪ್ಸನ್ ಮ್ಯಾಗಜೀನ್‌ನಲ್ಲಿ ಈ ತೊಡಕೇ ಇಲ್ಲ. ಅಲ್ಲಿ ಎರಡು ಸಾಲು ಎರಡು ಸಾಲಾಗಿಯೇ ಬಾಯಿಗೆ ಬರುತ್ತವೆ, ಒಮ್ಮೆ ಎಡದಿಂದ ಒಮ್ಮೆ ಬಲದಿಂದ. ತುಂಬುವುದೂ ಹೆಬ್ಬೆರಳಲ್ಲೇ ಆಗುತ್ತದೆ. ಸ್ಟೆನ್‌ಗೆ ಕೊನೆಯ ಹತ್ತು ಗುಂಡು ತುಂಬಲು ಫಿಲ್ಲರ್ ಅನ್ನುವ ತುಂಬುವ ಉಪಕರಣ ಬೇಕೇ ಬೇಕು, ಹೆಬ್ಬೆರಳ ಚರ್ಮ ಕಿತ್ತುಬರುತ್ತದೆ.

ಹಾಗಾದರೆ ಒಂದೇ ಸಾಲು ಯಾಕೆ ಮಾಡಿದರು ಅಂದರೆ, ಗುಂಡು ಯಾವಾಗಲೂ ಒಂದೇ ಜಾಗದಿಂದ ಬಂದರೆ ಬೋಲ್ಟ್ ಮುಖ, ಚೇಂಬರ್‌ಗೆ ಹೋಗುವ ದಾರಿ ಎಲ್ಲ ಸರಳ. ಜರ್ಮನರ ಎಂಪಿ 28ರ ಮ್ಯಾಗಜೀನನ್ನು ಬ್ರಿಟಿಷರು ಮೊದಲು ತಮ್ಮ ಲ್ಯಾಂಚೆಸ್ಟರ್ ಸಬ್‌ಮಷಿನ್ ಗನ್‌ಗೆ ತಂದರು, ಅಲ್ಲಿಂದ ಸ್ಟೆನ್‌ಗೆ ಬಂತು. ಲ್ಯಾಂಚೆಸ್ಟರ್‌ನ 50 ಗುಂಡಿನ ಉದ್ದ ಮ್ಯಾಗಜೀನ್ ಸ್ಟೆನ್‌ಗೂ ಕೂರುತ್ತದೆ, ಆದರೆ ಮೇಲೆ ಹೇಳಿದ ಕಾಯಿಲೆ ಅದರಲ್ಲೂ ಅಷ್ಟೇ.

ಕಾವೇರಿ ಕೋವಿ:
ಲಿಂಗಣ್ಣನವರೇ, ಜರ್ಮನರ ಎಂಪಿ 40ಯ ಮ್ಯಾಗಜೀನೂ ಒಂದೇ ಸಾಲಿನದೇ ಅಲ್ಲವೇ? ಅಮೆರಿಕದ ಎಂ3 ‘ಗ್ರೀಸ್ ಗನ್’ ಕೂಡ. ಎಲ್ಲರೂ ಸ್ಟೆನ್‌ಗೆ ಮಾತ್ರ ಬೈಯುವುದು ಅನ್ಯಾಯ.

ಲೇತ್ ಲಿಂಗಣ್ಣ:
ಖಂಡಿತ ಅನ್ಯಾಯ. ಎಂಪಿ 40ಯಲ್ಲೂ 32ರ ಬದಲು 28 ತುಂಬುವ ಅಭ್ಯಾಸ ಇತ್ತು. ಮ್ಯಾಗಜೀನನ್ನೇ ಹಿಡಿಯಾಗಿ ಬಳಸಿದರೆ ಅಲ್ಲೂ ಜಾಮ್. ವ್ಯತ್ಯಾಸ ಇರುವುದು ಮ್ಯಾಗಜೀನ್ ಕೂರುವ ಗೂಡಿನಲ್ಲಿ. ಎಂಪಿ 40ಯ ಗೂಡು ಉದ್ದ, ಗಟ್ಟಿ, ನೇರ ಕೆಳಕ್ಕೆ. ಸ್ಟೆನ್ ಮಾರ್ಕ್ 2ರಲ್ಲಿ ಆ ಗೂಡು ಕೊಳವೆಯ ಸುತ್ತ ತಿರುಗುವ ಒಂದು ತೋಳಿನ ಮೇಲಿದೆ. 90 ಡಿಗ್ರಿ ಕೆಳಕ್ಕೆ ತಿರುಗಿಸಿದರೆ ಕೇಸ್ ಹಾರುವ ಕಿಂಡಿ ಮುಚ್ಚಿ ಧೂಳು ಒಳಗೆ ಹೋಗುವುದಿಲ್ಲ, ಅದಕ್ಕಾಗಿ ಮಾಡಿದ್ದು. ಉಪಾಯ ಚೆನ್ನಾಗಿದೆ. ಆದರೆ 80 ವರ್ಷದ ಮೇಲೆ ಆ ತೋಳು, ಅದನ್ನು ಹಿಡಿಯುವ ಪ್ಲಂಜರ್, ಮ್ಯಾಗಜೀನ್ ಕೊಂಡಿ ಮೂರೂ ಸವೆದಿರುತ್ತವೆ. ಮೂರರ ಸಡಿಲವೂ ಸೇರಿ ಮ್ಯಾಗಜೀನ್ ತುದಿಯಲ್ಲಿ ಕಣ್ಣಿಗೆ ಕಾಣುವಷ್ಟು ಅಲುಗಾಟ ಬರುತ್ತದೆ.

ತಮ್ಮಯ್ಯನವರೇ, ಖಾಲಿ ಮ್ಯಾಗಜೀನ್ ಹಾಕಿ ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಹಿಂದಕ್ಕೆ ಎಳೆದರೆ ಗುಂಡಿನ ಮೂತಿ ಒಂದು ಕಡೆ ತಿರುಗುತ್ತದೆ, ಮುಂದಕ್ಕೆ ನೂಕಿದರೆ ಇನ್ನೊಂದು ಕಡೆ. ಮ್ಯಾಗಜೀನ್ ಎಡಕ್ಕೆ ಮಲಗಿರುವುದರಿಂದ ಸ್ಟೆನ್‌ನಲ್ಲಿ ಗುಂಡು ‘ಮೇಲಕ್ಕೆ’ ಹಾರಿತು ಅಂದರೆ ನಿಜದಲ್ಲಿ ಅದು ಬಲಕ್ಕೆ ಹೋಗಿ ಚೇಂಬರ್‌ನ ಬಲ ಅಂಚಿಗೆ ಬಡಿದಿರುತ್ತದೆ. ನಿಂತ ಗುಂಡಿನ ಮೂತಿಯಲ್ಲಿ ಗೀರು ಯಾವ ಪಕ್ಕಕ್ಕೆ ಬಿದ್ದಿದೆ ಅಂತ ನೋಡಿ. ಬಲಕ್ಕಿದ್ದರೆ ತುಟಿ ಅಗಲವಾಗಿದೆ. ಎಡಕ್ಕಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಮ್ಯಾಗಜೀನ್ ಪೂರ್ತಿ ಒಳಗೆ ಕೂತಿಲ್ಲ.

ಟೆಕ್ಸಾಸ್ ತಮ್ಮಯ್ಯ:
ಪರೀಕ್ಷೆ ಆಯ್ತು. 2, 3, 5ನೇ ನಂಬರಿನ ಮ್ಯಾಗಜೀನ್‌ಗಳಲ್ಲಿ ಮಾತ್ರ ನಿಲ್ಲುತ್ತಿದೆ. 2 ಮತ್ತು 5ರಲ್ಲಿ ಗೀರು ಬಲಕ್ಕೆ. 3ರಲ್ಲಿ ಎಡಕ್ಕೆ, ಅದೂ ಕೊನೆಯ ಐದಾರು ಗುಂಡಿನಲ್ಲಿ. ತುಟಿಯನ್ನು ಇಕ್ಕಳದಲ್ಲಿ ಸ್ವಲ್ಪ ಒತ್ತಲೇ?

ಬೆಳಗಾವಿ ಆರ್ಮರರ್:
ಇಕ್ಕಳ ಹಚ್ಚಬ್ಯಾಡ! ಇಕ್ಕಳದ ಹಲ್ಲು ತುಟಿ ಒಳಗ ಗೀರು ಮಾಡತೈತಿ, ಆ ಗೀರಿಗೇ ಮತ್ತ ಕೇಸ್ ಸಿಗತೈತಿ. ಒಂದು ಕಡೆ ಒತ್ತಿದ್ರ ಎರಡೂ ತುಟಿ ಸಮಾ ಉಳಿಯೂದಿಲ್ಲ. ತುಟಿ ಅಳತಿಗೆ ಗೇಜ್ ಅಂತ ಬರತಿತ್ತು, ಆರ್ಮರರ್ ಹತ್ರ ಅದು ಇರ್ತಿತ್ತು. ಒಳಗ ಸರಿಯಾದ ಅಳತಿಯ ಉಕ್ಕಿನ ತುಂಡು ಇಟ್ಟು, ಹೊರಗಿನಿಂದ ಹಿತ್ತಾಳಿ ಸುತ್ತಿಗಿಲೆ ಸಣ್ಣಗ ತಟ್ಟಿ ತುಟಿ ಕೂಡಸೂದು. ಅದು ಬರಲಾರದಿದ್ರ 2 ಮತ್ತು 5 ತಗದು ಬಿಡು, ಒಳ್ಳೇ ಮ್ಯಾಗಜೀನ್ ತಗೊಳ್ಳೂದು ಸೋವಿ. ಸ್ಟೆನ್ ಮ್ಯಾಗಜೀನ್ ಲಕ್ಷಗಟ್ಟಲೆ ಮಾಡ್ಯಾರ, ಕಾಯ್ದೆ ಒಪ್ಪೋ ಊರಾಗ ಸಿಗ್ತಾವ.

3ನೇದ್ದು ಬಿಚ್ಚು. ತಳದ ತಗಡಿನ ನಡುವ ಇರೂ ಗುಂಡಿ ಒಳಗ ಒತ್ತಿ ತಗಡ ಸರಸು. ಸರಸೂಮುಂದ ಹೆಬ್ಬಟ್ಟು ಅಡ್ಡ ಇಟಗೊ, ಇಲ್ಲಂದ್ರ ಸ್ಪ್ರಿಂಗ್ ಮಾರಿಗೆ ಬರತೈತಿ. ಸ್ಪ್ರಿಂಗ್ ತಗದು ಚೊಲೋ ಮ್ಯಾಗಜೀನಿನ ಸ್ಪ್ರಿಂಗ್ ಬಾಜೂಕ ಇಟ್ಟು ಉದ್ದ ನೋಡು. ಎರಡು ಮೂರು ಸುರುಳಿಯಷ್ಟು ಗಿಡ್ಡ ಇದ್ರ ಬದಲಿ ಹಾಕು. ಒಳಗ ಒಣ ಚಿಂದಿ ಹಾಕಿ ಒರಸು, ಕಟ್ಟಿಗಿ ಕಡ್ಡಿಲೆ ಮೂಲಿ ಮೂಲಿ ತಿಕ್ಕು. ಎಣ್ಣಿ ಸುರುವಬ್ಯಾಡ. ಎಣ್ಣಿ ಹಾಕಿದ್ರ ಧೂಳು ಹಿಡದು ರಾಡಿ ಆಗತೈತಿ, ಗುಂಡಿನ ಪ್ರೈಮರ್ (ತಳದಾಗಿನ ಕಿಡಿ ಮದ್ದು) ಒಳಗೂ ಇಳಿಯಬಹುದು. ಎಣ್ಣಿ ಚಿಂದಿ ಒಮ್ಮೆ ಸವರಿ, ಒಣ ಚಿಂದಿಲೆ ಮತ್ತ ಒರಸಿಬಿಡು, ಆತು.

ಹೊಸಬ_1998:
ಸ್ಟೆನ್ ಕೆಳಗೆ ಬಿದ್ದರೆ ತಾನೇ ಹಾರುತ್ತದೆ ಅಂತ ಕೇಳಿದ್ದೇನೆ. ನಿಜವೇ, ಕತೆಯೇ?

ಲೇತ್ ಲಿಂಗಣ್ಣ:
ನಿಜ. ಸ್ಟೆನ್ ತೆರೆದ ಬೋಲ್ಟ್‌ನಿಂದ ಹಾರಿಸುವ ಬಂದೂಕು. ಹಾರಿಸಲು ಸಿದ್ಧವಾಗಿದ್ದಾಗ ಬೋಲ್ಟ್ ಹಿಂದೆ, ಸಿಯರ್‌ಗೆ (ಟ್ರಿಗರ್ ಬಿಡಿಸುವ ಕೊಕ್ಕೆಗೆ) ಸಿಕ್ಕಿಕೊಂಡಿರುತ್ತದೆ. ಟ್ರಿಗರ್ ಎಳೆದರೆ ಮುಂದೆ ನುಗ್ಗಿ, ದಾರಿಯಲ್ಲಿ ಒಂದು ಗುಂಡು ಎತ್ತಿಕೊಂಡು, ಚೇಂಬರ್‌ಗೆ ತಳ್ಳುತ್ತಲೇ ಹಾರಿಸುತ್ತದೆ. ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ ಬೇರೆ ತುಂಡಲ್ಲ, ಬೋಲ್ಟ್ ಮುಖದ ಮೇಲೇ ಇರುವ ಸಣ್ಣ ಮೊನೆ.

ಈಗ ಬೋಲ್ಟ್ ಮುಂದಿದೆ, ಮ್ಯಾಗಜೀನ್‌ನಲ್ಲಿ ಗುಂಡಿದೆ ಅಂದುಕೊಳ್ಳಿ. ಬಟ್ ನೆಲಕ್ಕೆ ಬಡಿಯುವಂತೆ ಬಿದ್ದರೆ ಬಂದೂಕು ನಿಲ್ಲುತ್ತದೆ, ಭಾರದ ಬೋಲ್ಟ್ ಹಿಂದಕ್ಕೆ ಸರಿಯುತ್ತದೆ. ಸಿಯರ್‌ವರೆಗೆ ಹೋಗಲಿಲ್ಲ, ಆದರೆ ಗುಂಡನ್ನು ದಾಟಿ ಹಿಂದೆ ಹೋಯಿತು ಅಂದರೆ, ಸ್ಪ್ರಿಂಗ್ ಅದನ್ನು ಮತ್ತೆ ಮುಂದೆ ಎಸೆಯುತ್ತದೆ. ಗುಂಡು ಹಾರಿತು. ಮಾರ್ಕ್ 2ರ ಸುರಕ್ಷತೆ ಎಂದರೆ ಬೋಲ್ಟ್ ಹಿಂದಿರುವಾಗ ಅದನ್ನು ಎಳೆಯುವ ಕಾಕಿಂಗ್ ಹಿಡಿಯನ್ನು ಮೇಲಿನ ಕಚ್ಚಿಗೆ ತಿರುಗಿಸುವುದು. ಬೋಲ್ಟ್ ಮುಂದಿರುವಾಗ ಮೊದಲಿನವುಗಳಲ್ಲಿ ಯಾವ ತಡೆಯೂ ಇರಲಿಲ್ಲ. ಆಮೇಲೆ ಬಂದ ಹಿಡಿಯನ್ನು ಒಳಕ್ಕೆ ಒತ್ತಿದರೆ ಅದು ಕೊಳವೆಯ ಎದುರು ಬದಿಯ ತೂತಿಗೆ ಹೋಗಿ ಬೋಲ್ಟನ್ನು ಮುಂದೇ ಲಾಕ್ ಮಾಡುತ್ತದೆ. ಎಂಪಿ 40ಗೂ ಇದೇ ತಿದ್ದುಪಡಿ ಆಯಿತು, ಒಂದೇ ತುಂಡಿನ ಹಿಡಿ ಹೋಗಿ ಎರಡು ತುಂಡಿನದು ಬಂತು.

ಗುಂಡಿನಲ್ಲಿ ಮದ್ದಿನ ಬಲ ಕಡಿಮೆ ಇದ್ದರೂ ಇದೇ ಪೇಚು. ಬೋಲ್ಟ್ ಸಿಯರ್ ತಲುಪದೆ, ಮುಂದಿನ ಗುಂಡು ಎತ್ತುವಷ್ಟು ಮಾತ್ರ ಹಿಂದೆ ಹೋಗಿ ಬರುತ್ತದೆ. ಟ್ರಿಗರ್ ಬಿಟ್ಟರೂ ಹಾರುತ್ತಲೇ ಇರುತ್ತದೆ. ಕೈಯಿಂದ ಮರುತುಂಬಿದ ಮೆತ್ತನೆಯ ಗುಂಡು ಇವಕ್ಕೆ ಹಾಕಬೇಡಿ ಅನ್ನುವುದು ಅದಕ್ಕೇ. ಹಾಗೆ ಓಡಿದರೆ ಮೂತಿ ಗುರಿಯ ದಿಬ್ಬದ ಕಡೆಗೇ ಬಿಗಿಯಾಗಿ ಹಿಡಿದು ಖಾಲಿಯಾಗುವವರೆಗೆ ನಿಲ್ಲಿ. ಹೆದರಿ ಬಿಡುವುದು, ತಿರುಗಿ ನೋಡುವುದು ಮಾಡಬೇಡಿ.

ಬೆಳಗಾವಿ ಆರ್ಮರರ್:
ಖಾಲಿ ಮಾಡೂ ಕ್ರಮ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರ ರೈಫಲ್ ರೂಢಿ ಇದ್ದವರು ಇಲ್ಲೇ ಎಡವತಾರ. ಮೊದಲ ಮ್ಯಾಗಜೀನ್ ತಗೀರಿ. ಆಮ್ಯಾಲ ಬೋಲ್ಟ್ ಹಿಂದ ಎಳೀರಿ. ಚೇಂಬರ್, ಬೋಲ್ಟ್ ಮಾರಿ, ಮ್ಯಾಗಜೀನ್ ಗೂಡು ಮೂರೂ ಕಣ್ಣಿಲೆ ನೋಡ್ರಿ, ಕತ್ತಲಿದ್ರ ಬೆರಳು ಹಾಕಿ ನೋಡ್ರಿ, ಆದ್ರ ಹಿಡಿ ಸುರಕ್ಷಾ ಕಚ್ಚಿನ್ಯಾಗ ಇರಬೇಕು. ಆಮ್ಯಾಲ ಹಿಡಿ ಕೈಯಾಗ ಗಟ್ಟಿ ಹಿಡಕೊಂಡು, ಟ್ರಿಗರ್ ಒತ್ತಿ, ಬೋಲ್ಟ್ ಮೆಲ್ಲಕ ಮುಂದ ಬಿಡ್ರಿ. ಮ್ಯಾಗಜೀನ್ ಇರೂಮುಂದ ಬೋಲ್ಟ್ ಮುಂದ ಬಿಟ್ರ ಅದು ಖಾಲಿ ಮಾಡಿದಂಗ ಅಲ್ಲ, ಹಾರಿಸಿದಂಗ.

ಕಾವೇರಿ ಕೋವಿ:
ಈ ವಿಷಯದಲ್ಲಿ ರಷ್ಯನ್ನರ ಪಿಪಿಎಸ್‌ಎಚ್ 41 ಮೊದಲಿಂದಲೂ ಚೆನ್ನಾಗಿತ್ತು. ಕಾಕಿಂಗ್ ಹಿಡಿಯ ಮೇಲೆ ಒಂದು ಸಣ್ಣ ಜಾರುಗುಂಡಿ, ಬೋಲ್ಟ್ ಹಿಂದಿದ್ದರೂ ಮುಂದಿದ್ದರೂ ಲಾಕ್ ಆಗುತ್ತದೆ. ಎಂ3ರಲ್ಲಿ ಕೇಸ್ ಹಾರುವ ಕಿಂಡಿಯ ಮುಚ್ಚಳವೇ ಸುರಕ್ಷತೆ, ಮುಚ್ಚಿದರೆ ಬೋಲ್ಟ್ ಅಲುಗುವುದಿಲ್ಲ.

ಪಿಪಿಎಸ್‌ಎಚ್ ಬಿಚ್ಚುವುದೂ ಸುಲಭ. ಹಿಂದಿನ ಕೊಂಡಿ ಒತ್ತಿದರೆ ಮೇಲಿನ ಭಾಗ ಮುಂದಕ್ಕೆ ಮಡಚಿಕೊಳ್ಳುತ್ತದೆ, ಬೋಲ್ಟ್ ಮತ್ತು ಸ್ಪ್ರಿಂಗ್ ಕೈಗೆ ಬರುತ್ತವೆ. ಅಲ್ಲಿ ಮೊದಲು ನೋಡಬೇಕಾದ್ದು ಸ್ಪ್ರಿಂಗ್‌ನ ಹಿಂತುದಿಯ ಬಫರ್ ಬಿಲ್ಲೆ. ನಿಮಿಷಕ್ಕೆ 900ಕ್ಕೂ ಮೇಲೆ ಹಾರಿಸುವ ಬಂದೂಕದು, ಬೋಲ್ಟ್ ಪ್ರತಿಸಲವೂ ಆ ಬಿಲ್ಲೆಗೆ ಬಡಿಯುತ್ತದೆ. ಹಳೆಯ ಬಿಲ್ಲೆ ಒಣಗಿ ಪುಡಿಯಾಗಿದ್ದರೆ ಉಕ್ಕಿಗೆ ಉಕ್ಕು ಬಡಿದು ರಿಸೀವರ್‌ನ (ಬೋಲ್ಟ್ ಓಡುವ ಮೈಭಾಗದ) ಹಿಂಭಾಗ ಬಿರುಕು ಬಿಡುತ್ತದೆ. ಬಿಲ್ಲೆ ಬದಲಿಸದೆ ಒಂದು ಗುಂಡೂ ಹಾರಿಸಬಾರದು.

71 ಗುಂಡಿನ ಡ್ರಮ್ (ದುಂಡು ಡಬ್ಬಿಯ ಮ್ಯಾಗಜೀನ್) ನೋಡಲು ಭರ್ಜರಿ, ಆದರೆ ಒಂದು ಬಂದೂಕಿನ ಡ್ರಮ್ ಇನ್ನೊಂದಕ್ಕೆ ಕೂರುವ ಖಾತ್ರಿ ಇಲ್ಲ, ತಿದ್ದಿ ತಿದ್ದಿ ಹೊಂದಿಸಬೇಕು. ತುಂಬುವಾಗ ಸ್ಪ್ರಿಂಗ್ ಸುತ್ತಿದ ಮೇಲೆ ರೋಟರ್ ಕೈಜಾರಿದರೆ ಬೆರಳು ಕತ್ತರಿಸುತ್ತದೆ. 35 ಗುಂಡಿನ ಬಾಗಿದ ಮ್ಯಾಗಜೀನೇ ವಾಸಿ.

ಲೇತ್ ಲಿಂಗಣ್ಣ:
ಡ್ರಮ್ ವಿಷಯದಲ್ಲಿ ಪೂರ್ತಿ ಒಪ್ಪಿಗೆ. ಆದರೆ ರಷ್ಯನ್ನರದ್ದರಲ್ಲಿ ಅತ್ಯುತ್ತಮ ಅಂದರೆ ಸುದಾಯೆವ್ ಲೆನಿನ್‌ಗ್ರಾಡ್ ಮುತ್ತಿಗೆಯ ಹೊತ್ತಲ್ಲಿ ರೂಪಿಸಿದ ಪಿಪಿಎಸ್. ತಗಡನ್ನು ಒತ್ತಿ ಮಡಚಿ ಬೆಸೆದದ್ದು, ಮರದ ಬಟ್ ಇಲ್ಲ, ಡ್ರಮ್ ಇಲ್ಲ, ಹಾರಿಸುವ ವೇಗವೂ ಕಡಿಮೆ. ಬಡತನದಲ್ಲಿ ಹುಟ್ಟಿದ್ದು ಅನ್ನುವುದು ಕಾಣುವುದೇ ಇಲ್ಲ.

ಟೆಕ್ಸಾಸ್ ತಮ್ಮಯ್ಯ:
ಹಳೇ ಸೇನಾ ದಾಸ್ತಾನಿನ ಗುಂಡು ಹಾಕಿದರೆ ನಳಿಕೆ ತುಕ್ಕು ಹಿಡಿಯುತ್ತದೆ ಅನ್ನುವುದಕ್ಕೆ ಉಪಾಯ?

ಕಾವೇರಿ ಕೋವಿ:
ಹಳೇ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲಿ ಕರಗುತ್ತದೆ. ಎಷ್ಟು ಎಣ್ಣೆ ಹಾಕಿ ಒರೆಸಿದರೂ ಉಪ್ಪು ಅಲ್ಲೇ, ಮೇಲೆ ಎಣ್ಣೆಯ ಮುಸುಕು. ಆದ್ದರಿಂದ ಹಾರಿಸಿದ ದಿನವೇ ನಳಿಕೆಗೆ ಕುದಿನೀರು ಸುರಿಯಿರಿ. ಬಿಸಿಗೆ ಉಕ್ಕು ತಾನೇ ಒಣಗುತ್ತದೆ. ಬೋಲ್ಟ್ ಮುಖವನ್ನೂ ಬಿಸಿನೀರಲ್ಲಿ ಉಜ್ಜಿ, ಎಲ್ಲರೂ ಮರೆಯುವುದು ಅದನ್ನೇ. ಪುಲ್‌ಥ್ರೂನಲ್ಲಿ (ನಳಿಕೆಯೊಳಗೆ ಚಿಂದಿ ಎಳೆಯುವ ಹಗ್ಗ) ಒಣ ಚಿಂದಿ ಎರಡು ಸಲ, ಆಮೇಲೆ ಎಣ್ಣೆ ಚಿಂದಿ. ಮರುದಿನ ಮತ್ತೊಮ್ಮೆ ಬಿಳಿ ಚಿಂದಿ ಎಳೆದು ನೋಡಿ, ಕಂದು ಬಣ್ಣ ಬಂದರೆ ಉಪ್ಪು ಉಳಿದಿದೆ. ಥಾಂಪ್ಸನ್‌ಗೆ ಯುದ್ಧಕಾಲದ .45 ಗುಂಡು ಸಿಕ್ಕಿದರೂ ಇದೇ ಕ್ರಮ. ತಳದಲ್ಲಿ ‘ಇಸಿ 43’ ಅಂತ ಇರುವ ಉಕ್ಕಿನ ಕೇಸಿನವೂ ಅಷ್ಟೇ.

ಹೊಸಬ_1998:
ಥಾಂಪ್ಸನ್ ಅಷ್ಟು ಒಳ್ಳೆಯದಾದರೆ ಬ್ರಿಟಿಷರು ಸ್ಟೆನ್ ಯಾಕೆ ಮಾಡಿದರು?

ಲೇತ್ ಲಿಂಗಣ್ಣ:
ದುಡ್ಡು, ಮತ್ತು ಯಂತ್ರಗಂಟೆ. 1940ರಲ್ಲಿ ಫ್ರಾನ್ಸ್‌ನ ಡನ್ಕರ್ಕ್‌ನಲ್ಲಿ ಆಯುಧ ಬಿಟ್ಟು ಬಂದ ಸೇನೆಗೆ ತಕ್ಷಣ ಲಕ್ಷಗಟ್ಟಲೆ ಬಂದೂಕು ಬೇಕಿತ್ತು. ಆರಂಭದಲ್ಲಿ ಒಂದು ಥಾಂಪ್ಸನ್‌ಗೆ ಸುಮಾರು 200 ಡಾಲರ್, ಹಡಗಲ್ಲಿ ಬರಬೇಕು, ದಾರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು. ಮೇಜರ್ ಶೆಪರ್ಡ್ ಮತ್ತು ಟರ್ಪಿನ್ ಎನ್‌ಫೀಲ್ಡ್ ಶಸ್ತ್ರ ಕಾರ್ಖಾನೆಯಲ್ಲಿ ರೂಪಿಸಿದ ಸ್ಟೆನ್ ಎರಡೂವರೆ ಪೌಂಡ್ ಆಸುಪಾಸಿಗೆ ಆಗುತ್ತಿತ್ತು. ಮಾರ್ಕ್ 3 ಮಾಡಿದ್ದು ಲೈನ್ಸ್ ಬ್ರದರ್ಸ್, ಆಟಿಕೆ ಕಂಪನಿ. ತಗಡು ಮಡಚಿ ಮೇಲೆ ಉದ್ದಕ್ಕೂ ಬೆಸುಗೆ ಎಳೆದಿದ್ದಾರೆ, ಆ ಏಣು ನೋಡಿದ ಕೂಡಲೇ ಮಾರ್ಕ್ 3 ಅಂತ ಗೊತ್ತಾಗುತ್ತದೆ. ಎಲ್ಲ ಮಾರ್ಕ್ ಸೇರಿ 40 ಲಕ್ಷದ ಹತ್ತಿರ ಆಯಿತು. ಕಾರ್ಖಾನೆಯಿಂದ ಕಾರ್ಖಾನೆಗೆ ಕೆಲಸದ ಗುಣ ಬೇರೆ. ಕೆನಡಾದ ಲಾಂಗ್ ಬ್ರಾಂಚ್‌ನವು ಕಣ್ಣಿಗೇ ನಯವಾಗಿ ಕಾಣುತ್ತವೆ.

ಪ್ರಾಗ್‌ನಲ್ಲಿ 1942ರ ಮೇ 27ರಂದು ನಾಜಿ ಅಧಿಕಾರಿ ಹೈಡ್ರಿಕ್ ಕಾರಿನ ಮುಂದೆ ಚೆಕೊಸ್ಲೊವಾಕ್ ಯೋಧ ಗಾಬ್ಚಿಕ್ ಹಿಡಿದ ಸ್ಟೆನ್ ಹಾರಲಿಲ್ಲ, ಜೊತೆಗಾರ ಕುಬಿಶ್ ಬಾಂಬ್ ಎಸೆಯಬೇಕಾಯಿತು. ಸ್ಟೆನ್‌ಗೆ ಕೆಟ್ಟ ಹೆಸರು ಅಂಟಿದ್ದರಲ್ಲಿ ಅದರದೂ ಪಾಲಿದೆ.

ಬೆಳಗಾವಿ ಆರ್ಮರರ್:
ಥಾಂಪ್ಸನ್ ಚೊಲೋ ಖರೆ, ಆದ್ರ ಖಾಲಿ ಬಂದೂಕನ 4.9 ಕೆ.ಜಿ., ಸ್ಟೆನ್ 3 ಕೆ.ಜಿ. ಎರಡು ಕೈ ಗಟ್ಟಿ ಇದ್ರಷ್ಟ ಅದು ನಡೀತೈತಿ. ನಮ್ಮ ಬೆಳಗಾವಿ ಮರಾಠಾ ರೆಜಿಮೆಂಟಿನ ನಾಮದೇವ ಜಾಧವ, 1945ರ ಏಪ್ರಿಲ್ 9ಕ್ಕ ಇಟಲಿಯ ಸೆನಿಯೋ ನದಿ ದಂಡಿ ಮ್ಯಾಲ, ಕೈಗೆ ಗಾಯ ಆಗಿ ಟಾಮಿ ಗನ್ (ಥಾಂಪ್ಸನ್ನಿಗೇ ಹಂಗಂತಾರ) ಹಾರಸಾಕ ಆಗದ ಅದನ್ನ ಒಗದು ಗ್ರೆನೇಡ್ ಹಿಡದ್ರು. ವಿಕ್ಟೋರಿಯಾ ಕ್ರಾಸ್ ಬಂತು.

ಥಾಂಪ್ಸನ್ನಿನ ಹಳೇ ಮಾದರಿ 1928ಎ1 ಬಿಚ್ಚೂವರಿಗೆ ಒಂದು ಮಾತು. ಸೆಲೆಕ್ಟರ್ ಫುಲ್ ಆಟೋದಾಗ, ಸುರಕ್ಷತಿ ಫೈರ್‌ದಾಗ ಇಲ್ಲಂದ್ರ ಕೆಳಗಿನ ಫ್ರೇಮು ಹಿಂದ ಸರಿಯೂದಿಲ್ಲ. ಜೋರು ಮಾಡಿ ಬಡಿಯೂದರಿಂದ ಉಪಯೋಗ ಇಲ್ಲ. ಒಳಗ ಎಚ್ ಆಕಾರದ ಕಂಚಿನ ತುಂಡು ಐತಿ, ಬ್ಲಿಶ್ ಲಾಕ್ ಅಂತಾರ. ತಿರುಗಿ ಜೋಡಸೂಮುಂದ ‘ಅಪ್’ ಅನ್ನೂ ಗುರುತು ಮ್ಯಾಲ ಬರಬೇಕು, ಬಾಣ ನಳಿಕಿ ಮೂತಿ ಕಡೆ. ಉಲ್ಟಾ ಕುಂತ್ರ ಬಂದೂಕ ಕೆಲಸ ಮಾಡೂದಿಲ್ಲ. ಎಂ1, ಎಂ1ಎ1ದಾಗ ಆ ಲಾಕನ್ನೇ ತಗದಾರ, ಬರೇ ಬೋಲ್ಟಿನ ಭಾರದ ಮ್ಯಾಲ ನಡೀತೈತಿ. ಡ್ರಮ್ಮೂ ಅವಕ್ಕ ಕೂಡೂದಿಲ್ಲ, 20 ಇಲ್ಲ 30ರ ಉದ್ದ ಮ್ಯಾಗಜೀನ ಅಷ್ಟ.

ಮಳೆಗಾಲ_ಮಡಿಕೇರಿ:
ಅಮೆರಿಕದವರ ಮಾತು ಸಾಕು, ಸ್ವಲ್ಪ ನಮ್ಮ ಕಡೆ ಬನ್ನಿ. ಪ್ರದರ್ಶನಕ್ಕೆ ಇಡುವ ಇಂಥ ಬಂದೂಕನ್ನು ಕೊಡಗಿನಂಥ ಊರಿನ ಮಳೆಯಲ್ಲಿ ಹೇಗೆ ಕಾಪಾಡುವುದು? ಗಾಜಿನ ಪೆಟ್ಟಿಗೆಯೊಳಗೇ ತುಕ್ಕು ಬರುತ್ತದೆ.

ಕಾವೇರಿ ಕೋವಿ:
ಗಾಜಿನ ಪೆಟ್ಟಿಗೆಯೇ ಮೊದಲ ಅಪರಾಧಿ. ಹೊಸ ಪ್ಲೈವುಡ್, ಅಂಟು, ಕೆಲವು ಬಣ್ಣ ಬಿಡುವ ಆಮ್ಲದ ಆವಿ ಒಳಗೇ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ ಒಂದು ತೇವಮಾಪಕ ಇಡಿ. ಬರೀ ಲೋಹವಾದರೆ ತೇವ ಶೇ 40ಕ್ಕಿಂತ ಕೆಳಗಿದ್ದರೂ ಸರಿ, ಮರದ ಬಟ್ ಇದ್ದರೆ ಶೇ 45–50. ತೀರಾ ಒಣಗಿಸಿದರೆ ಮರ ಬಿರುಕು ಬಿಡುತ್ತದೆ. ಸಿಲಿಕಾ ಜೆಲ್ ಇಟ್ಟು ಮರೆತರೆ ಏನೂ ಪ್ರಯೋಜನವಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಪದೇ ಪದೇ ಒಲೆಯಲ್ಲಿ ಒಣಗಿಸಿ ಮತ್ತೆ ಇಡಬೇಕು.

ಚರ್ಮದ ಪಟ್ಟಿ ಬಂದೂಕಿಗೆ ತಾಗಿಕೊಂಡಿದ್ದರೆ ಬಿಚ್ಚಿ ಬೇರೆ ಇಡಿ. ಚರ್ಮ ಹದ ಮಾಡಿದ ಆಮ್ಲ ಉಕ್ಕಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ. ಬರಿಗೈಲಿ ಮುಟ್ಟಬೇಡಿ, ನೈಟ್ರೈಲ್ ಕೈಗವಸು ಹಾಕಿ. ಬೆವರಿನ ಬೆರಳಚ್ಚು ಒಂದು ಮಳೆಗಾಲದಲ್ಲಿ ತುಕ್ಕಿನ ಬೆರಳಚ್ಚಾಗುತ್ತದೆ. ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಡಬ್ಲ್ಯೂಡಿ-40 ಬೇಡ, ಅದು ಆರಿಹೋಗಿ ಅಂಟು ಉಳಿಯುತ್ತದೆ. ಬೋಲ್ಟ್ ಮುಂದೆ ಬಿಟ್ಟಿರಲಿ, ಸ್ಪ್ರಿಂಗ್ ಅದುಮಿಕೊಂಡು ವರ್ಷಗಟ್ಟಲೆ ಇರಬಾರದು.

ಎಂಪಿ 40ಯ ಕಂದು ಬೇಕಲೈಟ್ ಹಿಡಿಗೆ ಸ್ಪಿರಿಟ್, ಅಸಿಟೋನ್ ಎರಡೂ ತಾಗಿಸಬೇಡಿ, ಹೊಳಪು ಹೋಗುತ್ತದೆ. ಒದ್ದೆ ಬಟ್ಟೆ ಹಿಂಡಿ ಒರೆಸಿ, ಕೂಡಲೇ ಒಣಗಿಸಿ. ಅದರ ಮೇಲಿನ ಗುರುತು ಬರೆದಿಟ್ಟುಕೊಳ್ಳಿ. ‘ಎವೈಎಫ್’ ಅಂದರೆ ಎರ್ಮಾ, ‘ಬಿಎನ್‌ಝಡ್’ ಸ್ಟೈಯರ್, ‘ಎಫ್‌ಎಕ್ಸ್‌ಒ’ ಹೇನೆಲ್. ಬಿಡಿಭಾಗಗಳ ಕೊನೆಯ ಅಂಕಿಗಳು ರಿಸೀವರ್ ಅಂಕಿಗೆ ಹೊಂದದಿದ್ದರೆ ಬೇರೆ ಬೇರೆ ಬಂದೂಕಿನ ತುಂಡು ಸೇರಿಸಿದ್ದು ಅಂತ ಅರ್ಥ.

ಗುಪ್ತ_ಗುರಿಗಾರ:
ನಿಷ್ಕ್ರಿಯ ಮಾಡಿದ ಸ್ಟೆನ್ ಬ್ರಿಟನ್‌ನಲ್ಲಿ ಮಾರುತ್ತಾರೆ. ಅದನ್ನು ತರಿಸಿ ಮತ್ತೆ ಹಾರುವಂತೆ ಮಾಡಲು ಏನೇನು ಬೇಕು? ಅಜ್ಜನ ಕಾಲದ ಕೋವಿಗೆ ನಮಗೆ ವಿನಾಯಿತಿ ಇದೆಯಲ್ಲ.

ನಿರ್ವಾಹಕ:
ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ, ಯಾರೂ ಕೊಡಬೇಡಿ. ಎರಡನೆಯದಕ್ಕೆ: ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಹಾರುತ್ತಲೇ ಇರುವ ಬಂದೂಕು ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನಿಷೇಧಿತ ಆಯುಧ. ಕೊಡವರ ಕೋವಿ ವಿನಾಯಿತಿ ಇದಕ್ಕೆ ಅನ್ವಯಿಸುವುದಿಲ್ಲ. 2019ರ ತಿದ್ದುಪಡಿಯ ನಂತರ ಇಟ್ಟುಕೊಂಡವರಿಗೆ 7ರಿಂದ 14 ವರ್ಷ ಜೈಲು. ಹಳೇ ಮನೆಯ ಅಟ್ಟದಲ್ಲಿ ಸಿಕ್ಕಿದರೆ ಬಿಚ್ಚಲು ಹೋಗಬೇಡಿ, ಕಾರಲ್ಲಿ ಹಾಕಿಕೊಂಡೂ ಹೋಗಬೇಡಿ. ಇದ್ದಲ್ಲೇ ಬಿಟ್ಟು ಠಾಣೆಗೆ ತಿಳಿಸಿ, ಅವರೇ ಬಂದು ಪಂಚನಾಮೆ ಮಾಡಿ ಒಯ್ಯಲಿ.

ಮಳೆಗಾಲ_ಮಡಿಕೇರಿ:
ಪತ್ರಿಕೆಗಳಲ್ಲಿ ಸ್ಟೆನ್‌ಗನ್ ಅಂತ ಬರುವ ಪೊಲೀಸರ ಬಂದೂಕುಗಳೆಲ್ಲ ಇದೇನಾ?

ಬೆಳಗಾವಿ ಆರ್ಮರರ್:
ಅವು ಹೆಚ್ಚಾಗಿ ಸ್ಟರ್ಲಿಂಗ್ ರೀ. ಬ್ರಿಟಿಷರು 1953ರಾಗ ಸ್ಟೆನ್ ಬದಲಿಗೆ ತಂದ್ರು, ನಮ್ಮಲ್ಲಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ 9 ಎಂಎಂ ಕಾರ್ಬೈನ್ 1ಎ1 ಅಂತ ಮಾಡಿತು. ದೂರದಿಂದನ ಗುರುತು ಸಿಗತೈತಿ: ಮ್ಯಾಗಜೀನು ಬಾಗಿರ್ತೈತಿ, ನಳಿಕೆ ಸುತ್ತ ಪೂರ್ತಿ ತೂತಿನ ಜಾಕೆಟ್, ಪಿಸ್ತೂಲ್ ಹಿಡಿ ಬಂದೂಕಿನ ನಡು ಭಾಗದಾಗ.

ಲೇತ್ ಲಿಂಗಣ್ಣ:
ಮತ್ತು ಈ ಚರ್ಚೆ ಶುರುವಾದ ಕಾಯಿಲೆಗೆ ಮದ್ದು ಸಿಕ್ಕಿದ್ದೂ ಅಲ್ಲೇ. ಸ್ಟರ್ಲಿಂಗ್ ರೂಪಿಸಿದ ಪ್ಯಾಚೆಟ್ ಮಾಡಿದ 34 ಗುಂಡಿನ ಆ ಮ್ಯಾಗಜೀನ್‌ನಲ್ಲಿ ಎರಡು ಸಾಲೂ ಬಾಯಿವರೆಗೆ ಹಾಗೇ ಬರುತ್ತವೆ. ಗುಂಡುಗಳನ್ನು ತಳ್ಳುವ ಫಾಲೋಯರ್ ತಗಡಿನ ತುಂಡಲ್ಲ, ಎರಡು ರೋಲರ್, ಉಜ್ಜುವ ಬದಲು ಉರುಳುತ್ತವೆ. ಬೋಲ್ಟ್ ಮೈಮೇಲೆ ಓರೆಯಾಗಿ ಏಣು ತೆಗೆದಿದ್ದಾರೆ, ಒಳಗೆ ಬಿದ್ದ ಮರಳನ್ನು ಕೆರೆದು ಪಕ್ಕಕ್ಕೆ ತಳ್ಳಲು.

ತಮ್ಮಯ್ಯನವರೇ, 2 ಮತ್ತು 5ರ ಬದಲಿಗೆ ಸ್ಟರ್ಲಿಂಗ್ ಮ್ಯಾಗಜೀನ್ ಹಾಕಿ ನೋಡಬಹುದು, ಸ್ಟೆನ್ ಗೂಡಿಗೆ ಸಾಮಾನ್ಯವಾಗಿ ಕೂರುತ್ತದೆ. ಮೊದಲು ಖಾಲಿ ಹಾಕಿ ಕೊಂಡಿ ಸರಿಯಾಗಿ ಕಚ್ಚುತ್ತದೆಯೇ, ಬೋಲ್ಟ್ ತುಟಿಗೆ ತಾಗದೆ ಓಡುತ್ತದೆಯೇ ನೋಡಿ. ಆಮೇಲೆ ಐದು ಗುಂಡು, ಒಂದೊಂದಾಗಿ.

ಟೆಕ್ಸಾಸ್ ತಮ್ಮಯ್ಯ:
3ನೇದರ ಸ್ಪ್ರಿಂಗ್ ಚೊಲೋ ಮ್ಯಾಗಜೀನಿನದಕ್ಕಿಂತ ಎರಡೂವರೆ ಸುರುಳಿ ಗಿಡ್ಡ ಇತ್ತು. ಬದಲಿಸಿದ ಮೇಲೆ 28 ಗುಂಡೂ ನಿಲ್ಲದೆ ಹೋದವು. ಎರಡು ಸ್ಟರ್ಲಿಂಗ್ ಮ್ಯಾಗಜೀನ್‌ನಲ್ಲಿ ಒಂದು ಬಿಗಿಯಾಗಿ ಕೂತು ಚೆನ್ನಾಗಿ ಓಡುತ್ತಿದೆ, ಇನ್ನೊಂದು ಕೊಂಡಿಗೆ ಕಚ್ಚುತ್ತಿಲ್ಲ.

ಬೆಳಗಾವಿ ಆರ್ಮರರ್:
ಕಚ್ಚಲಾರದ್ದನ್ನ ಅರದಿಲೆ ಉಜ್ಜಾಕ ಹೋಗಬ್ಯಾಡ. ಕೊಂಡಿ ಸವದಿರಬಹುದು, ಮೊದಲ ಅದರ ಸ್ಪ್ರಿಂಗ್ ಬದಲಿ ಹಾಕಿ ನೋಡು.